ಎಷ್ಟು ಕೊಡ್ತಾರೆ?

ಇವತ್ತು ಮತ್ತೆ ಕೇಳಿಸ್ಕೊಂಡೆ. ಈ ತಿಂಗಳಲ್ಲಿ ಇದು ಮೂರನೇ ಸಲ, ಮೂರೂ ಸಲ ಕೇಳಿದ್ದು ನಮ್ಮೋರೇ. ಬೇರೆ ದೇಶದೋರಿಗೆ ಈ ಪ್ರಶ್ನೆ ಬರೋದೇ ಇಲ್ವೋ, ಬಂದ್ರೂ ಮರ್ಯಾದೆಗೆ ನುಂಗ್ಕೊಂಡು ಹೋಗ್ತಾರೋ ಗೊತ್ತಿಲ್ಲ, ನಂಗಂತೂ ಅವ್ರಿಂದ ಇದುವರೆಗೂ ಕೇಳಿ ಬಂದಿಲ್ಲ.

ಶನಿವಾರ ಬೆಳಿಗ್ಗೆ ನಾನು ಎಲ್ಲಿರ್ತೀನಿ ಅಂತ ನಿಮಗೆಲ್ಲ ಗೊತ್ತೇ ಇದೆ, ನನ್ನ ಕೊಳದ ಫೋಟೋ, ಕೋಯ್ ಮೀನಿನ ಫೋಟೋ ನೋಡಿ ನೋಡಿ ಬೇಜಾರಾಗಿ ಸದ್ದಿಲ್ದೆ ಅನ್‌ಫಾಲೋ ಮಾಡಿದೋರೂ ಇದೀರ (ಗೊತ್ತಾಗತ್ತೆ ನಂಗೆ, ಹೇಳಲ್ಲ ಅಷ್ಟೇ). ಹೊಸಬರಿಗೆ ಒಂದ್ಸಲ ಹೇಳ್ಬಿಡ್ತೀನಿ. ಇಲ್ಲಿ ದಕ್ಷಿಣ ಫ್ಲೋರಿಡಾದಲ್ಲಿ ಡೆಲ್ರೇ ಬೀಚ್ ಅಂತ ಊರು, ಅಲ್ಲಿ ಮೊರಿಕಾಮಿ ಮ್ಯೂಸಿಯಂ, ಅದಕ್ಕೆ ಸೇರಿದ ಜಪಾನೀ ತೋಟ. ನಾನು ಅಲ್ಲಿ ವಾಲಂಟಿಯರ್. ಬಂದೋರಿಗೆ ದಾರಿ ಹೇಳೋದು, ಕತೆ ಹೇಳೋದು, ಮಕ್ಕಳು ಬಂದ ದಿನ ಒರಿಗಾಮಿ ಟೇಬಲ್ ಹತ್ರ ಕೂತು ಕೊಕ್ಕರೆ ಮಡಚಿಸೋದು. ಹೀಗೆ ಕತೆ ಹೇಳೋರಿಗೆ ಡೋಸೆಂಟ್ ಅಂತಾರೆ, ನಮ್ಮನೇವ್ರು ದೋಸೆ ಆಂಟಿ ಅಂತ ರೇಗಿಸ್ತಾರೆ, ಮಗನೂ ಈಗ ಫೋನ್ ಮಾಡಿದ್ರೆ ದೋಸೆ ಆಂಟಿ ಇದಾರಾ ಅಂತಾನೇ ಶುರು ಮಾಡೋದು.

ಸರಿ, ಇವತ್ತಿನ ವಿಷಯ. ಕಲ್ಲಿನ ತೋಟದ ಹತ್ರ ನಿಂತಿದ್ದೆ. ಕರೆಸನ್ಸುಯಿ ಅಂತಾರೆ ಅದಕ್ಕೆ, ನೀರೇ ಇಲ್ದೆ ನೀರು ತೋರಿಸೋದು, ಬಿಳಿ ಜಲ್ಲಿ ಹರಡಿ ಅದರ ಮೇಲೆ ದಂತಾಳದಂಥ ಹಲ್ಲಿನ ಸಾಮಾನಲ್ಲಿ ಗೆರೆ ಎಳೆದಿರ್ತಾರೆ, ಕಲ್ಲಿನ ಸುತ್ತ ಗೆರೆ ಸುತ್ತಿಕೊಂಡು ಹೋಗೋದು ನೋಡಿದ್ರೆ ದ್ವೀಪಕ್ಕೆ ಅಲೆ ಬಡಿದಂಗೇ ಕಾಣತ್ತೆ. ಆ ಕಡೆಯಿಂದ "ರೀ, ಇಲ್ಲಿ ಬನ್ರೀ, ಇಲ್ಲಿ ಬೆಳಕು ಚೆನ್ನಾಗಿದೆ" ಅಂತ ಕೇಳಿಸ್ತು ನೋಡಿ, ನನ್ನ ಕಿವಿ ನೆಟ್ಟಗಾಯ್ತು. ಈ ಊರಲ್ಲಿ ಸ್ಪ್ಯಾನಿಷ್ ಕೇಳಿ ಕೇಳಿ ಸವೆದು ಹೋಗಿರೋ ಕಿವಿಗೆ ಒಂದು "ಬನ್ರೀ" ಸಾಕು. ಓಡಿ ಹೋಗಿ "ಕನ್ನಡದವ್ರಾ?" ಅಂದೆ. ಅಂಕಲ್ಲು, ಆಂಟಿ, ಮಗ, ಸೊಸೆ, ಎಂಟೊಂಬತ್ತು ವರ್ಷದ ಮೊಮ್ಮಗಳು. ಬೆಂಗಳೂರು, ವಿಜಯನಗರ. ಮಗನ ಮನೆಗೆ ಆರು ತಿಂಗಳಿಗೆ ಬಂದಿದಾರೆ. ಎಲ್ಲ ಖುಷಿ. ಯಾವೂರು, ಯಾರ ಪೈಕಿ, ಮೆಣಸಿನಕಾಯಿ ಯಾವ ಅಂಗಡೀಲಿ ಚೆನ್ನಾಗಿ ಸಿಗತ್ತೆ ಎಲ್ಲ ಆಯ್ತು.

ಆಮೇಲೆ ಅಂಕಲ್ ನನ್ನ ಎದೆ ಮೇಲಿದ್ದ ಬ್ಯಾಡ್ಜ್ ನೋಡಿ, ಕಣ್ಣು ಸಣ್ಣ ಮಾಡಿ, "ಇಲ್ಲಿ ಕೆಲಸಾನಾಮ್ಮಾ? ಎಷ್ಟು ಕೊಡ್ತಾರೆ?"

ಏನಿಲ್ಲ ಅಂಕಲ್, ವಾಲಂಟಿಯರ್ ಅಂದೆ.

"ಏನೂ ಇಲ್ವಾ? ಬಸ್ ಚಾರ್ಜೂ ಇಲ್ವಾ?"

ಇಲ್ಲಿ ಬಸ್ಸೇ ಇಲ್ಲ ಅಂಕಲ್ ಅನ್ನೋಣ ಅನ್ನಿಸ್ತು, ನಕ್ಕೆ. ಅಂಕಲ್ ಮಗನ ಕಡೆ ತಿರುಗಿ "ನೋಡೋ, ಪುಕ್ಕಟೆ ಮಾಡ್ತಾರಂತೆ" ಅಂದ್ರು, ಯಾರಿಗೋ ಏನೋ ಕಾಯಿಲೆ ಇದೆ ಅಂತ ಹೇಳೋ ದನೀಲಿ. ಆಂಟಿ ಸಮಾಧಾನ ಮಾಡೋ ಥರ, "ಟೈಮ್ ಪಾಸ್ ಆಗತ್ತಲ್ವಾ" ಅಂದ್ರು. ಅದಕ್ಕೂ ನಕ್ಕೆ. ಆಮೇಲೆ ಬಂತು ನೋಡಿ ಅಂಕಲ್ ಬಾಯಿಂದ, "ಅಷ್ಟು ಪುರುಸೊತ್ತಿದ್ರೆ ನಮ್ಮ ದೇವಸ್ಥಾನದಲ್ಲಿ ಸೇವೆ ಮಾಡಬಹುದಲ್ಲಮ್ಮಾ, ಪುಣ್ಯನಾದ್ರೂ ಬರತ್ತೆ, ಈ ಜಪಾನಿನೋರ ತೋಟ ಕಾಯೋದು ನಿನಗ್ಯಾಕೆ?"

ಅಷ್ಟರಲ್ಲಿ ಸೊಸೆ ರೀಲ್ಸ್‌ಗೆ ಅಂತ ಒಂದು ಕಾಲು ಜಲ್ಲಿ ಮೇಲೆ ಇಟ್ಟಾಗಿತ್ತು. ಹೀಲ್ಸು. ಅಲೆ ಮೇಲೆ ಎರಡು ತೂತು.

ನಾನು ಕೋಪಿಷ್ಠೆ ಅಂತ ನನ್ನ ಜೊತೆ ಓದಿದೋರಿಗೆ ಗೊತ್ತು. ಆದ್ರೆ ಬ್ಯಾಡ್ಜ್ ಇದ್ದಾಗ ನಾನು ಬೇರೆ ಮನುಷ್ಯಳು. "ಅಲ್ಲಿ ಕಾಲಿಡ್ಬಾರ್ದಮ್ಮಾ ಪುಟ್ಟಾ" ಅಂತ ಹಲ್ಲು ಬಿಟ್ಟುಕೊಂಡೇ ಹೇಳಿದೆ. ಆ ಕೋಪ ಈಗ ರಾತ್ರಿ ಹತ್ತೂವರೆಗೆ ನಿಮ್ಮ ಮೇಲೆ ಇಳೀತಿದೆ, ಓದಿ.

ಎಷ್ಟು ಕೊಡ್ತಾರೆ ಅಂತೆ. ಇಪ್ಪತ್ತಾರು ವರ್ಷ ಮನೇಲಿ ಬೇಯಿಸಿ ಹಾಕಿದೀನಿ, ಅತ್ತೆ ಮಾವ ಬಂದಾಗ ತಿಂಗಳುಗಟ್ಟಲೆ ಎರಡೆರಡು ಥರ ಅಡುಗೆ ಮಾಡಿದೀನಿ, ಒಂದು ಈರುಳ್ಳಿ ಹಾಕಿದ್ದು ಒಂದು ಹಾಕದೇ ಇದ್ದಿದ್ದು, ಆಗ ಒಬ್ಬರೂ ಎಷ್ಟು ಕೊಡ್ತಾರಮ್ಮಾ ಅಂತ ಕೇಳ್ಲಿಲ್ಲ. ಗಂಡನ ಕೆಲಸದ ವೀಸಾ ಮೇಲೆ ಹೆಂಡತಿಗೆ ಸಿಗೋ ಎಚ್-ಫೋರ್ ವೀಸಾದಲ್ಲಿ ಬಂದು ಕೂತಾಗ ನನ್ನ ಬಿಎಡ್ಡು, ಏಳು ವರ್ಷದ ಹೈಸ್ಕೂಲ್ ಮೇಷ್ಟ್ರಿಕೆ ಎಲ್ಲ ಸೂಟ್‌ಕೇಸ್ ತಳದಲ್ಲಿ ಸೀರೆ ಕೆಳಗೆ ಇತ್ತು, ಕೆಲಸ ಮಾಡೋಕೆ ಕಾನೂನೇ ಬಿಡ್ತಿರ್ಲಿಲ್ಲ, 2015ರಲ್ಲಿ ಒಂದಷ್ಟು ಜನಕ್ಕೆ ಪರ್ಮಿಟ್ ಕೊಡೋಕೆ ಶುರು ಮಾಡಿದಾಗ ನಂಗೆ ಕ್ಲಾಸ್ ರೂಮಿಗೆ ವಾಪಸ್ ಹೋಗೋ ಧೈರ್ಯ ಉಳಿದಿರ್ಲಿಲ್ಲ. ಅಷ್ಟೂ ವರ್ಷ ನಾನು ಮಾಡಿದ್ದಕ್ಕೆ ರೇಟ್ ಕೇಳದ ಜನ, ನಾನು ಖುಷಿಯಾಗಿ ವಾರಕ್ಕೆ ನಾಲ್ಕು ಗಂಟೆ ಕೊಟ್ಟ ಕೂಡ್ಲೇ ಕ್ಯಾಲ್ಕುಲೇಟರ್ ತೆಗೀತಾರೆ.

ಹೋಗ್ಲಿ. ಆ ಜಾಗದ ಹೆಸರಲ್ಲಿರೋ ಮನುಷ್ಯನ್ನ ಯಾರಾದ್ರೂ ಕೇಳ್ತಾರಾ? ಕೇಳಲ್ಲ. ಮೊರಿಕಾಮಿ ಅಂದ್ರೆ ಯಾವುದೋ ಸಾಮುರಾಯ್, ಇಲ್ಲಾ ಹೋಟೆಲ್ ಹೆಸರು ಅನ್ಕೊಂಡಿರ್ತಾರೆ. ಒಬ್ರಂತೂ ಕಾರ್ ಕಂಪನಿನಾ ಅಂದಿದ್ರು.

ರೈತ ಕಣ್ರಿ. ಅನಾನಸು ಬೆಳೆಯೋಕೆ ಬಂದ ಹುಡುಗ.

ಸುಕೆಜಿ ಮೊರಿಕಾಮಿ, ಹುಟ್ಟಿದ್ದು 1886, ಜಪಾನಿನ ಕ್ಯೋಟೋ ಪ್ರಾಂತ್ಯದ ಮಿಯಾಜು ಅನ್ನೋ ಸಮುದ್ರದ ಊರಲ್ಲಿ. ಅದೇ ಊರಿನ ಜೋ ಸಕಾಯ್ ಅನ್ನೋರು ನ್ಯೂಯಾರ್ಕ್ ಯೂನಿವರ್ಸಿಟೀಲಿ ಓದಿ, 1904ರ ಹೊತ್ತಿಗೆ ಫ್ಲೋರಿಡಾದಲ್ಲಿ ಜಪಾನೀ ರೈತರದ್ದೇ ಒಂದು ಊರು ಮಾಡೋಣ ಅಂತ ಹೊರಟ್ರು. ಯಮಾಟೋ ಅಂತ ಹೆಸರಿಟ್ರು. ಇವತ್ತಿಗೂ ಬೋಕಾ ರಟಾನ್‌ನಲ್ಲಿ ಯಮಾಟೋ ರೋಡ್ ಇದೆ, ನಾನು ದಿನಸಿ ತರೋಕೆ ಅದೇ ರೋಡಲ್ಲಿ ಹೋಗ್ತೀನಿ, ಏಳು ವರ್ಷ ಹೋದ್ಮೇಲೆ ಗೊತ್ತಾಗಿದ್ದು ಅದು ಯಾಕೆ ಆ ಹೆಸರು ಅಂತ. ಮೊರಿಕಾಮಿ ಬಂದಿದ್ದು 1906ರಲ್ಲಿ, ಇಪ್ಪತ್ತು ವರ್ಷಾನೂ ತುಂಬಿರ್ಲಿಲ್ಲ. ಊರಲ್ಲಿ ಒಬ್ಬ ಹುಡುಗಿ ಮೇಲೆ ಮನಸಿತ್ತು, ಅವರ ಮನೇವ್ರು ಕೊಡಲ್ಲ ಅಂದ್ರು, ದುಡ್ಡು ಮಾಡ್ಕೊಂಡು ವಾಪಸ್ ಹೋಗಿ ತೋರಿಸ್ತೀನಿ ಅಂತ ಬಂದ ಅಂತ ಹೇಳ್ತಾರೆ. ಮೂರು ವರ್ಷ ದುಡಿದ್ರೆ ಕೊನೇಲಿ ಕೈಗೊಂದಿಷ್ಟು ಇಡಿಗಂಟು ಅಂತ ಕರಾರು. ಕರಾರು ಮಾಡಿಕೊಂಡ ಸಾಹುಕಾರರೇ ತೀರಿಕೊಂಡ್ರು. ಗಂಟು ಕೈಗೆ ಬರ್ಲಿಲ್ಲ. ಈ ಕತೇಲಿ ಎಷ್ಟು ಕೊಡ್ತಾರೆ ಅಂತ ಕೇಳೋ ಹಕ್ಕು ಯಾರಿಗಾದ್ರೂ ಇದ್ರೆ ಅದು ಆ ಹುಡುಗನಿಗೆ.

1908ರಲ್ಲಿ ಅನಾನಸಿಗೆ ರೋಗ ಬಂತು. ಇದನ್ನ ನಾನು ಇಂಗ್ಲಿಷಲ್ಲಿ ಹೇಳುವಾಗ ಬ್ಲೈಟ್ ಅಂತೀನಿ, ಬಂದೋರು ಓ ಅಂತಾರೆ, ಮುಂದೆ ಹೋಗ್ತಾರೆ. ಕನ್ನಡದೋರು ಬಂದ್ರೆ, ಅದೂ ಶಿರಸಿ ತೀರ್ಥಹಳ್ಳಿ ಕಡೆಯೋರಾದ್ರೆ, "ಕೊಳೆ ರೋಗ ಬಂದಂಗೆ" ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತು. ಆಗಸ್ಟಲ್ಲಿ ಮಳೆ ಬಿಡದೇ ಹೊಡೆದಾಗ, ಎರಡನೇ ಸಲ ಬೋರ್ಡೋ (ಮೈಲುತುತ್ತ, ಸುಣ್ಣ ಕಲಸಿದ ಔಷಧಿ) ಹೊಡೆಯೋಕೆ ಬಿಸಿಲೇ ಸಿಗದೇ, ಬೆಳಿಗ್ಗೆ ಎದ್ದು ತೋಟಕ್ಕೆ ಹೋದ್ರೆ ಎಳೆ ಅಡಿಕೆ ಮರದ ಬುಡದಲ್ಲಿ ಹಾಸಿಗೆ ಹಾಸಿದಂಗೆ ಉದುರಿರೋದು, ಅಪ್ಪ ಅದನ್ನ ಕಾಲಲ್ಲಿ ಸರಿಸಿ ಒಂದೂ ಮಾತಾಡ್ದೆ ಕವಳ ಹಾಕ್ಕೊಂಡು ವಾಪಸ್ ಬರೋದು. ಆ ಮುಖ ನಂಗೆ ಗೊತ್ತು. ಹಾಗಾಗಿ ಯಮಾಟೋದ ಆ ಮನೆಗಳಲ್ಲಿ ಆ ರಾತ್ರಿ ಹೇಗಿತ್ತು ಅಂತ ಊಹಿಸೋಕೆ ನಂಗೆ ಮ್ಯೂಸಿಯಂನ ಬೋರ್ಡ್ ಬೇಕಾಗಲ್ಲ. ರೋಗದ ಮೇಲೆ ಕ್ಯೂಬಾದಿಂದ ಅಗ್ಗದ ಅನಾನಸು ಬೇರೆ ಬರೋಕೆ ಶುರುವಾಯ್ತು. ಮೂವತ್ತು ಮೂವತ್ತೈದು ಜನ ದಾಟದ ಊರು ಅದು, 1920ರ ದಶಕದ ಹೊತ್ತಿಗೆ ಒಬ್ಬೊಬ್ಬರೇ ಖಾಲಿಯಾದ್ರು. 1942ರಲ್ಲಿ, ಯುದ್ಧದ ಟೈಮಲ್ಲಿ, ಉಳಿದಿದ್ದ ಅಲ್ಲಿಯ ಜಮೀನನ್ನ ಸರ್ಕಾರ ವಿಮಾನ ತರಬೇತಿ ನೆಲೆಗೆ ಅಂತ ತಗೊಂಡ್ಬಿಡ್ತು. ಈಗ ಆ ಜಾಗದಲ್ಲಿ ಯೂನಿವರ್ಸಿಟಿ ಇದೆ, ಏರ್‌ಪೋರ್ಟ್ ಇದೆ.

ಮೊರಿಕಾಮಿ ಮಾತ್ರ ಹೋಗ್ಲಿಲ್ಲ. ಇಂಗ್ಲಿಷ್ ಕಲಿಯೋಕೆ ಇಪ್ಪತ್ತು ದಾಟಿದ ಆಳು ಚಿಕ್ಕ ಮಕ್ಕಳ ಜೊತೆ ಪ್ರೈಮರಿ ಸ್ಕೂಲ್ ಬೆಂಚಲ್ಲಿ ಕೂತ. ಮೇಷ್ಟ್ರಿಕೆ ಮಾಡಿದೋಳಿಗೆ ಇದು ಹೇಗೆ ತಟ್ಟತ್ತೆ ಹೇಳಿ, ಮೊಣಕಾಲು ಬೆಂಚಿನ ಕೆಳಗೆ ಹಿಡಿಸದ ಹುಡುಗ! ತರಕಾರಿ ಬೆಳೆದು ಅಂಚೇಲಿ ಆರ್ಡರ್ ತಗೊಂಡು ಮಾರಿದ, ದುಡ್ಡು ಮಾಡಿದ, ಕಳ್ಕೊಂಡ, ಮತ್ತೆ ಮಾಡಿದ. ಕೈಗೆ ಬಂದಿದ್ದಕ್ಕೆಲ್ಲ ಜಮೀನು ತಗೊಂಡ. ಮದುವೆ ಆಗ್ಲಿಲ್ಲ. ಊರಿಗೆ ವಾಪಸ್ ಹೋಗ್ಲಿಲ್ಲ. ಜಪಾನಿನಿಂದ ಬಂದೋರಿಗೆ ಪೌರತ್ವ ಕೊಡೋ ಕಾನೂನೇ ಈ ದೇಶದಲ್ಲಿ 1952ರವರೆಗೂ ಇರ್ಲಿಲ್ಲ, ಈತ ಪೌರ ಆಗಿದ್ದು 1967ರಲ್ಲಿ, ಎಂಬತ್ತರ ವಯಸ್ಸಲ್ಲಿ. ಗ್ರೀನ್ ಕಾರ್ಡ್ ಕ್ಯೂ ಬಗ್ಗೆ ಗ್ರೂಪಲ್ಲಿ ಗೋಳಾಡೋ ನನ್ನ ತಮ್ಮಂದಿರೇ, ಓದ್ಕೊಳ್ಳಿ. ಕಡೆಗಾಲದಲ್ಲೂ ಒಂದು ಟ್ರೇಲರ್ ಮನೇಲಿ ಇದ್ಕೊಂಡು ಅನಾನಸು ನೆಟ್ಕೊಂಡು ಇದ್ದ. 1970ರ ದಶಕದಲ್ಲಿ, ಎಂಬತ್ತರ ಮೇಲೆ ವಯಸ್ಸು, ಜಮೀನನ್ನ ಪಾಮ್ ಬೀಚ್ ಕೌಂಟಿಗೆ ಹಾಗೇ ಬರೆದುಕೊಟ್ಬಿಟ್ಟ, ಪಾರ್ಕ್ ಮಾಡಿ, ಯಮಾಟೋದ ನೆನಪು ಉಳೀಲಿ ಅಂತ. 1976ರಲ್ಲಿ ತೀರಿಕೊಂಡ. ಮ್ಯೂಸಿಯಂ ಬಾಗಿಲು ತೆಗೆದಿದ್ದು 1977ರಲ್ಲಿ.

ನೋಡಲೂ ಇಲ್ಲ ಅವನು. ಅವರು ಅನ್ನಬೇಕು, ಆದ್ರೆ ಎರಡು ವರ್ಷ ವಾರ ವಾರ ಒಬ್ಬರ ಕತೆ ಹೇಳ್ತಿದ್ರೆ ಏಕವಚನ ತಾನಾಗೇ ಬರತ್ತೆ.

ಈಗ ಪಾರ್ಕು ಸುಮಾರು 200 ಎಕರೆ. ಅದರಲ್ಲಿ ತೋಟ 16 ಎಕರೆ, ರೋಜಿ-ಎನ್ ಅಂತ ಹೆಸರು, ಇಬ್ಬನಿ ಹನಿಗಳ ತೋಟ, ಹೊಯಿಚಿ ಕುರಿಸು ಅನ್ನೋರ ವಿನ್ಯಾಸ, 2001ರಲ್ಲಿ ಮುಗೀತು. ಜಪಾನಿನ ಬೇರೆ ಬೇರೆ ಕಾಲದ ತೋಟದ ಕಲ್ಪನೆಗಳು ಒಂದೇ ಕೊಳದ ಸುತ್ತ, ಒಂಬತ್ತನೇ ಶತಮಾನದ ಶ್ರೀಮಂತರ ಶಿಂದೆನ್ ತೋಟದಿಂದ ಹಿಡಿದು ಹತ್ತೊಂಬತ್ತನೇ ಶತಮಾನದ ಕೊನೆಯ ಮೇಜಿ ಕಾಲದವರೆಗೆ. ಬಂದೋರು ಮೊದಲು ಕೇಳೋದು ಚೆರ್ರಿ ಬ್ಲಾಸಮ್ ಎಲ್ಲಿ ಅಂತ. ಈ ಸೆಕೇಲಿ, ಕುಮಟಾಕ್ಕಿಂತ ಒಂದು ಕೈ ಜಾಸ್ತಿ ಬೆವರೋ ಊರಲ್ಲಿ, ಚಳಿ ಬೇಕು ಅನ್ನೋ ಗಿಡ ಹೇಗೆ ಹೂ ಬಿಡತ್ತೆ? ಇಲ್ಲಿ ಪೈನ್ ಇದೆ, ಬಿದಿರು ಇದೆ, ಬಟನ್‌ವುಡ್ ಅನ್ನೋ ಇಲ್ಲಿಯದ್ದೇ, ಉಪ್ಪುನೀರಿನ ಕಾಂಡ್ಲಾ ಜಾಗದ ಮರದ ಬೋನ್ಸಾಯ್ ಇದೆ. ಮತ್ತೆ ಇಗ್ವಾನಾ ಇದೆ. ನಮ್ಮ ಉಡದ ಅಣ್ಣನ ಥರ, ಹಸಿರು, ಹೂ ಕಂಡ್ರೆ ಬಿಡಲ್ಲ, ಯಾರೂ ಕರೆಯದೇ ಬಂದು ಸೇರಿಕೊಂಡ ಪ್ರಾಣಿ. ಜನ ಕೊಳ ಬಿಟ್ಟು ಅದರ ಫೋಟೋ ತೆಗೀತಾರೆ.

ಅಂಕಲ್ ಮಾತಿಗೇ ವಾಪಸ್ ಬರ್ತೀನಿ, ಬಿಡಲ್ಲ ಅದನ್ನ. ನಮ್ಮೋರದ್ದು ಬಿಟ್ಟು ಜಪಾನಿನೋರದ್ದು ಯಾಕೆ ಅಂದ್ರಲ್ಲ. ಮೊದಲನೇದಾಗಿ, ಗಣೇಶನ ಹಬ್ಬಕ್ಕೆ ಇನ್ನೂರು ಜನಕ್ಕೆ ಬಿಸಿಬೇಳೆ ಬಾತ್ ಕಲಸಿರೋ ಭುಜ ಇದು, ಇನ್ನೂ ನೋಯ್ತಿದೆ. ಎರಡನೇದು, ನಮ್ಮೋರದ್ದನ್ನ ನಾವು ಎಷ್ಟು ನೋಡಿದೀವಿ? ನಾಗೇಗೌಡರು ಐಎಎಸ್ ಮುಗಿಸಿ ಊರೂರು ಸುತ್ತಿ ರಾಮನಗರದ ಹತ್ರ ಜಾನಪದ ಲೋಕ ಕಟ್ಟಿದ್ರು. ಮೈಸೂರು ರೋಡಲ್ಲಿ ನಾನು ಎಷ್ಟು ಸಲ ಹೋಗಿದೀನೋ ಲೆಕ್ಕ ಇಲ್ಲ, ಪ್ರತೀ ಸಲ ಅದರ ಪಕ್ಕದಲ್ಲಿರೋ ಕಾಮತ್ ಲೋಕರುಚೀಲಿ ತಿಂಡಿ ತಿಂದು, ಕೈ ತೊಳ್ಕೊಂಡು, ಕಾರ್ ಹತ್ತಿದೀನಿ. ಒಂದೇ ಒಂದು ಸಲ ಪಕ್ಕದ ಗೇಟ್ ದಾಟಿಲ್ಲ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅಂತ, ಬ್ಯಾಂಕಲ್ಲಿದ್ದ ಮನುಷ್ಯ, ಬೀಳ್ತಿದ್ದ ಹಳೇ ಮನೆಗಳನ್ನ ಬಿಚ್ಚಿ ತಂದು ಮತ್ತೆ ನಿಲ್ಲಿಸಿದ್ರು, ನಾನು ಅದನ್ನ ನೋಡಿದ್ದು ಇಲ್ಲಿಗೆ ಬಂದ್ಮೇಲೆ, ಯೂಟ್ಯೂಬಲ್ಲಿ. ಅವರನ್ನೂ ಯಾರೋ ಒಬ್ಬ ಅಂಕಲ್ ಕೇಳಿರ್ತಾರೆ ಬಿಡಿ, ಶೆಣೈ ಮಾಮ್, ಹಳೇ ಕಂಬ ತಂದ್ರೆ ಎಷ್ಟು ಸಿಗತ್ತೆ ಅಂತ.

ಈಗ ಕಾಮೆಂಟಲ್ಲಿ ಬರೋರು ಬರ್ತಾರೆ, ಗೊತ್ತು, ವಿಶೇಷವಾಗಿ ನನ್ನ ಧಾರವಾಡದ ಕ್ರಾಂತಿಕಾರಿ ಗೆಳತಿ. "ನಿನ್ನಂಥೋರು ಪುಕ್ಕಟೆ ದುಡಿಯೋದ್ರಿಂದಲೇ ಎಲ್ಲೂ ಜನಕ್ಕೆ ಸಂಬಳದ ಕೆಲಸ ಸಿಗಲ್ಲ, ಗಂಡನ ಪಗಾರ ಇರೋರ ಶೋಕಿ ಇದು" ಅಂತ. ಪಗಾರ ಇದೆ, ಹೌದು. ಅದಿಲ್ದೇ ಇದ್ರೆ ಶನಿವಾರ ನಾನೂ ಯಾವುದೋ ಅಂಗಡೀಲಿ ಬಿಲ್ ಹಾಕ್ತಾ ನಿಂತಿರ್ತಿದ್ದೆ, ಒಪ್ಕೋತೀನಿ. ಆದ್ರೆ ನಾನು ಹೇಳೋ ಆ ಕೊಳೆ ರೋಗದ ಕತೆಗೆ ಯಾರನ್ನ ಸಂಬಳಕ್ಕಿಡ್ತೀರಾ? ಮುಂದಿನದ್ದು ಫೋನಲ್ಲಿ ಜಗಳ ಆಡೋಣ, ಇಲ್ಲಿ ಬೇಡ.

ನಿಜವಾಗಿ ಅವತ್ತು, ಅಂದ್ರೆ ಇವತ್ತು, ನನ್ನ ದಿನ ಉಳಿಸಿದ್ದು ಆ ಮೊಮ್ಮಗಳು. ದೊಡ್ಡೋರೆಲ್ಲ ಫೋಟೋ ತೆಕ್ಕೊಳ್ಳುವಾಗ ಅದು ಶಿಶಿ-ಒದೋಶಿ ಮುಂದೆ ಕುಕ್ಕರುಗಾಲಲ್ಲಿ ಕೂತಿತ್ತು. ಬಿದಿರಿನ ಒಂದು ಕೊಳವೆ, ಮಧ್ಯ ಕೀಲು, ಸಣ್ಣಗೆ ನೀರು ಬಿದ್ದು ಬಿದ್ದು ತುಂಬಿದಾಗ ಬಾಯಿ ಕೆಳಗೆ ವಾಲಿ ನೀರು ಚೆಲ್ಲತ್ತೆ, ಹಗುರಾಗಿ ವಾಪಸ್ ಎದ್ದು ಹಿಂಭಾಗ ಕಲ್ಲಿಗೆ ಬಡಿಯತ್ತೆ, ಟಕ್. ಆಮೇಲೆ ಮತ್ತೆ ತುಂಬೋಕೆ ಶುರು. ಜಿಂಕೆ, ಹಂದಿ ಗದ್ದೆಗೆ ಬರದೇ ಇರ್ಲಿ ಅಂತ ರೈತರು ಮಾಡ್ಕೊಂಡಿದ್ದು, ಆಮೇಲೆ ತೋಟದ ಅಲಂಕಾರ ಆಯ್ತು. ನಮ್ಮೂರಲ್ಲಿ ರಾತ್ರಿ ಮಾಳದಲ್ಲಿ ಕೂತು ಹಗ್ಗ ಎಳೆದು ಡಬ್ಬ ಬಡೀತಿದ್ರಲ್ಲ, ಅದೇ, ಇದರಲ್ಲಿ ಎಳೆಯೋ ಕೆಲಸ ನೀರೇ ಮಾಡತ್ತೆ. ಹುಡುಗಿ ಎರಡು ಟಕ್ ಮಧ್ಯ ಎಷ್ಟಾಗತ್ತೆ ಅಂತ ಎಣಿಸ್ತಿತ್ತು. ನಾನೂ ಪಕ್ಕದಲ್ಲಿ ಕೂತೆ, ಮಂಡಿ ಲಟಕ್ ಅಂತು, ಅದಕ್ಕೆ ನಗು. ಮೊರಿಕಾಮಿ ಕತೆ ಹೇಳಿದೆ. ಪೂರ್ತಿ ಕೇಳಿ, ಅಮೆರಿಕದ ಇಂಗ್ಲಿಷಲ್ಲಿ, "ಅಷ್ಟೊಂದು ಜಾಗ ಇತ್ತಲ್ಲ, ಮಾರಿ ಅಮ್ಮನ ಹತ್ರ ವಾಪಸ್ ಹೋಗಬಹುದಿತ್ತಲ್ವಾ?" ಅಂತು.

ಉತ್ತರ ಬರ್ಲಿಲ್ಲ ನಂಗೆ. ದೋಸೆ ಆಂಟಿಗೆ ಮಾತು ನಿಂತೋಯ್ತು.

ಯಾಕೆ ಅಂತ ಹೇಳ್ತೀನಿ, ಇದನ್ನ ಇಲ್ಲಿ ಬರೀತೀನಿ ಅಂತ ಬೆಳಿಗ್ಗೆ ಅನ್ಕೊಂಡಿರ್ಲಿಲ್ಲ. ಅಪ್ಪ ಹೋದ ಮರುವರ್ಷ ಬನವಾಸಿ ಹತ್ರದ ನಮ್ಮ ಜಮೀನು ಮಾರಿದ್ವಿ. ಎರಡೆಕರೆ ತೋಟ, ಅದರ ಮೇಲಿನ ಗದ್ದೆ, ಒಂದಿಷ್ಟು ಹುಲ್ಲು ಬೆಳೆಯೋ ಬ್ಯಾಣ. ನೋಡ್ಕೊಳ್ಳೋರು ಇಲ್ಲ, ಅಡಿಕೆ ಕೊನೆ ಕೊಯ್ಯೋಕೆ ಜನ ಸಿಗಲ್ಲ, ಆಯಿ ತಮ್ಮನ ಜೊತೆ ಹುಬ್ಬಳ್ಳಿಗೆ ಹೋದ್ರು, ಎಲ್ಲಾ ಮನೇಲೂ ಇರೋ ಕಾರಣಗಳೇ. ತಮ್ಮ ಫೋನ್ ಮಾಡಿ ಗಿರಾಕಿ ಬಂದಿದಾರೆ ಅಂದಾಗ ನಾನು ಇಲ್ಲಿ ಕಾರ್ ಪಾರ್ಕ್ ಮಾಡ್ತಿದ್ದೆ. ನಾನು ಕೇಳಿದ ಮೊದಲನೇ ಮಾತು ಏನು ಗೊತ್ತಾ?

ಎಷ್ಟು ಕೊಡ್ತಾರೆ?

ಯಾರು ಅಂತ ಕೇಳ್ಲಿಲ್ಲ. ಏನು ಮಾಡ್ತಾರೆ ಅಂತ ಕೇಳ್ಲಿಲ್ಲ. ಬಾವಿ ಕಟ್ಟೆ ಹತ್ರದ ಅಪ್ಪೆಮಿಡಿ ಮರ ಇಟ್ಕೋತಾರಾ ಅಂತಾನೂ ಕೇಳ್ಲಿಲ್ಲ. ಪವರ್ ಆಫ್ ಅಟಾರ್ನಿಗೆ ಸೈನ್ ಹಾಕಿ ಕೊರಿಯರ್ ಮಾಡಿ, ರಸೀದಿ ಜೋಪಾನ ಇಟ್ಕೊಂಡೆ.

ಹಾಗಾಗಿ ಅಂಕಲ್ ಮೇಲೆ ಕೋಪ ಇಳಿದಿದೆ ಅಂತಲ್ಲ, ಇಳಿದಿಲ್ಲ. ಸೊಸೆ ಹೀಲ್ಸ್ ಮೇಲಂತೂ ಇಲ್ವೇ ಇಲ್ಲ. ಅವರು ಹೊರಟ ಮೇಲೂ ಆ ಎರಡು ತೂತು ಹಾಗೇ ಇತ್ತು, ಜಲ್ಲಿಗೆ ನಾನು ಇಳಿಯೋ ಹಾಗಿಲ್ಲ, ಅದು ಕಲಿತೋರ ಕೆಲಸ, ಗೆರೆ ಎಳೀತಾ ಹಿಂದೆ ಹಿಂದೆ ಸರಿದು ತನ್ನ ಹೆಜ್ಜೆ ತಾನೇ ಅಳಿಸ್ಕೊಂಡು ಆಚೆ ಬರ್ಬೇಕು. ಶಿಫ್ಟ್ ಮುಗಿಯೋವರೆಗೂ ಅದನ್ನೇ ನೋಡ್ತಾ ನಿಂತಿದ್ದೆ.

ಮನೆಗೆ ಬಂದು ಊರಲ್ಲಿರೋ ದೊಡ್ಡಪ್ಪನ ಮಗನಿಗೆ ಫೋನ್ ಹಚ್ಚಿದೆ. ಅಲ್ಲಿ ಭಾನುವಾರ ಬೆಳಿಗ್ಗೆ, ಆಸರಿ ಕುಡೀತಿದ್ದ. ಅದೂ ಇದೂ ಮಾತಾಡಿ, ನಮ್ಮ ತೋಟ ಈಗ ಹೇಗಿದೆ ಅಂದೆ. ತೋಟ ಚೆನ್ನಾಗಿದೆಯಂತೆ, ಮೈಲುತುತ್ತ ಸರಿಯಾದ ಟೈಮಿಗೆ ಹೊಡೀತಾರಂತೆ. ಗದ್ದೆ? ಗದ್ದೇನೂ ಬ್ಯಾಣಾನೂ ಪೂರ್ತಿ ಎಬ್ಬಿಸಿ ಅನಾನಸು ಹಾಕಿದಾರಂತೆ.

ಅನಾನಸು! ನಂಗೆ ನಗು ಬಂತು, ನಿಲ್ಲಿಸೋಕಾಗದ ನಗು, ಅವನಿಗೆ ಅರ್ಥ ಆಗ್ಲಿಲ್ಲ ಪಾಪ. "ಎಂತಕ್ಕೆ, ತಿರುಗಿ ತಗಳವು ಹೇಳಿ ಇದ್ದಾ? ಈಗ ರೇಟು ಮಾತ್ರ ಕೇಳಡ, ತಲೆ ತಿರುಗ್ತು" ಅಂದ.

ಕೇಳಬಾರದು ಅಂತ ಒಂದು ನಿಮಿಷ ಹಲ್ಲು ಕಚ್ಚಿದ್ದೆ. ಆಮೇಲೆ ಕೇಳೇಬಿಟ್ಟೆ, ಎಷ್ಟು ಅಂತ.